ಕೆಂಪು ಹೆಲ್ಮೆಟ್

ಪ್ರೀತಿಯ ತಂಗೀ,

ನಮ್ಮ ಬೈಕ್ ಕ್ಲಬ್ಬಿನ ಮೆಕ್ಯಾನಿಕ್ ಈ ಪತ್ರದ ಜೊತೆ ಹೊಸ ಹೆಲ್ಮೆಟ್ ತರ್ತಿದ್ದಾನೆ. ಇವತ್ತಿನ ರೈಡಿನಲ್ಲಿ ನೀವೆಲ್ಲ ಊಟಕ್ಕೆ ನಿಲ್ಲುವ ಪೆಟ್ರೋಲ್ ಬಂಕಿನಲ್ಲೇ ಅದನ್ನು ಹಾಕಿಕೋ. ನಾನು ಕೊಟ್ಟ ಕೆಂಪು ಹೆಲ್ಮೆಟ್ ಅವನ ಕೈಗೆ ಕೊಡು. ಬಣ್ಣ ಚೆನ್ನಾಗಿಲ್ಲ ಅಂತ ಮುಖ ಊದಿಸಬೇಡ.

ಆಗಿದ್ದು ಇಷ್ಟು. ಹೋದ ವರ್ಷ ನಾನು ಬಿದ್ದಾಗ ಹಾಕಿದ್ದ ಹೆಲ್ಮೆಟ್ಟನ್ನು ಶಾಲೆಗಳಲ್ಲಿ ಕೊಯ್ದು ತೋರಿಸೋಕೆ ಅಂತ ಇಟ್ಟಿದ್ದೆ. ನಿನಗೆ ಅಂತ ತಂದ ಹೆಲ್ಮೆಟ್ಟಿಗೆ ಕೆಂಪು ಬಣ್ಣ ಹೊಡೆಯುವಾಗ ಡಬ್ಬದಲ್ಲಿ ಉಳಿದದ್ದನ್ನು ಅದಕ್ಕೂ ಬಳಿದೆ. ನನ್ನ ಬುದ್ಧಿಗಿಷ್ಟು! ಇವತ್ತು ಬೆಳಿಗ್ಗೆ ಮಕ್ಕಳ ಮುಂದೆ, "ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬಾರದು. ಮೇಲೆ ಥಳಕು, ಒಳಗೆ ಹುಳುಕು, ನೋಡಿ" ಅಂತ ಗರಗಸದಿಂದ ಎರಡು ಹೋಳು ಮಾಡಿದೆ. ಒಳಗಿನ ಥರ್ಮೋಕೋಲಿನಲ್ಲಿ ಒಂದು ಬಿರುಕೂ ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಗರಗಸ ಬಿಟ್ಟು ಫೋನ್ ಎತ್ತಿಕೊಂಡೆ.

ನಾನು ಕೊಯ್ದದ್ದು ನಿನ್ನದನ್ನು. ಬಿರುಕು ಬಿಟ್ಟದ್ದು ಈಗ ನಿನ್ನ ತಲೆಯ ಮೇಲಿದೆ.

ಬೈಯೋದಿದ್ದರೆ ಮನೆಗೆ ಬಂದು ಬೈ, ತಲೆ ತಗ್ಗಿಸಿ ಕೂತಿರ್ತೀನಿ. ಅಮ್ಮನ ಕಿವಿಗೆ ಮಾತ್ರ ಹಾಕಬೇಡ. ಹೊಸದರ ಪಟ್ಟಿ ಗದ್ದಕ್ಕೆ ಬಿಗಿಯಾಗಿ ಕೂರಲಿ. ಕೂತ ಮೇಲೆ ನನಗೊಂದು ಫೋನ್ ಮಾಡು.

ಬೆಳಿಗ್ಗೆಯಿಂದ ಹನ್ನೊಂದು ಸಲ ನಾನೇ ಮಾಡಿದೆ, ನೀನು ಎತ್ತಲಿಲ್ಲ. ಬೈಕ್ ಓಡಿಸುವಾಗ ಫೋನ್ ಎತ್ತಬಾರದು ಅಂತ ನಿನಗೆ ಕಲಿಸಿದವನು ನಾನೇ. ನೀನು ಎತ್ತದೇ ಇರೋಕೆ ಅದೊಂದೇ ಕಾರಣವಾಗಿರಲಿ.

ದಾರಿ ನೋಡ್ತಾ,
ನಿನ್ನ ಅಣ್ಣ