ತುಕ್ಕು ಬಿಡಿಸುವ ಗುಳಿಗೆ

ದೇವನಹಳ್ಳಿ
ಸೋಮವಾರ, 10-12-1973

ಚಿ. ರುಕ್ಮಿಣಿಗೆ ಅಪ್ಪನ ಆಶೀರ್ವಾದ.

ನಿನ್ನನ್ನು ಜಡಿಗೇನಹಳ್ಳಿಯ ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಬಂದು ಹದಿನೆಂಟು ದಿನವಾಯಿತು. ಬರೆಯುತ್ತಿರುವುದು ಇವತ್ತು. ಮೂರು ಹಾಳೆ ಹರಿದು ಹಾಕಿದೆ. ನಿಮ್ಮಪ್ಪ ಕನ್ನಡ ಮೇಷ್ಟ್ರು ಅಂತ ಅಲ್ಲಿ ಯಾರಿಗೂ ಹೇಳಬೇಡ.

ನಿಮ್ಮಮ್ಮ, ಅಜ್ಜಿ ಚೆನ್ನಾಗಿದ್ದಾರೆ. ರಾಜ್ಯದ ಹೆಸರು ಕರ್ನಾಟಕ ಅಂತಾಗಿ ತಿಂಗಳು ಕಳೆಯಿತು. ಹಗ್ಗದ ಮೇಲಿನ ನಿನ್ನ ಓಟದ ಬನಿಯನ್ ಮಾತ್ರ ಇನ್ನೂ ಮೈಸೂರು ಅನ್ನುತ್ತಿದೆ. ಯಾರೂ ತೊಡದಿದ್ದರೂ ನಿಮ್ಮಮ್ಮ ಅದನ್ನು ವಾರಕ್ಕೆರಡು ಸಲ ಒಗೆಯುತ್ತಾಳೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಗಡಿಯಾರ ಹಿಡಿದು ಬಾಗಿಲಿಗೆ ಬರುತ್ತೇನೆ, ಓಡುವವರಿಲ್ಲ. ನಿನ್ನೆ ನಾನೇ ನಲ್ಲೂರಿನ ಹುಣಸೆ ತೋಪಿನವರೆಗೆ ನಡೆದೆ. ನೀನು ಕುಸಿದ ಜಾಗದಲ್ಲಿ ಕುರಿ ಮೇಯುತ್ತಿದ್ದವು. ದಾರಿಯಲ್ಲಿ ಒಂದು ಪ್ರಾಸ ಹೊಳೆಯಿತು. ಬೇಡ ಅಂತ ಬಿಟ್ಟೆ.

ಔಷಧಿ ಅಂಗಡಿಯ ಆದಿನಾರಾಯಣಪ್ಪ ನಿನಗೆಂದು ಹೊಸ ಡಬ್ಬಿ ತರಿಸಿದ್ದಾನೆ, ಅದೇ ವಿಟಮಿನ್ ಸಿ ಮತ್ತು ಇ. ಓಡುವಾಗ ಎಳೆದುಕೊಂಡ ಉಸಿರೇ ಸ್ನಾಯುವಿಗೆ ತುಕ್ಕು ಹಿಡಿಸುತ್ತೆ, ಈ ಗುಳಿಗೆ ತುಕ್ಕು ಬಿಡಿಸುತ್ತೆ, ಫಾರಿನ್ ಓಟಗಾರರು ನುಂಗೋದೂ ಇದನ್ನೇ ಅಂತ ಆವತ್ತು ಹೇಳಿದವನು ಅವನು. ದಿನಕ್ಕೊಂದು ಅಂದಿದ್ದ. ಅದನ್ನು ನಾಲ್ಕು ಮಾಡಿದವನು ನಾನು. ಬೇಡ ಅಂದೆ. ಯಾಕೆ ಮೇಷ್ಟ್ರೇ, ಹುಡುಗಿಗೆ ಗಂಡು ಗೊತ್ತಾಯ್ತಾ ಅಂತ ನಕ್ಕ.

ಶನಿವಾರ ಒಬ್ಬನೇ ಬೆಂಗಳೂರಿಗೆ ಹೋಗಿ, ನಿನ್ನ ಮೀನಖಂಡಕ್ಕೆ ಪಟ್ಟಿ ಕಟ್ಟಿದ ಡಾಕ್ಟರನ್ನು ಕಂಡು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಗುಳಿಗೆಯಿಂದ ಸ್ನಾಯು ಬೇಗ ಕೂಡುತ್ತೆ ಅನ್ನೋದನ್ನು ತಾವಂತೂ ಕಂಡಿಲ್ಲ, ಕೂಡಿಸೋದು ಬಿಡುವು ಅಂದರು. ಆಮೇಲೆ ಕೇಳಿದರು:

"ವಾರದಲ್ಲಿ ಯಾವತ್ತು ಬಿಡುವು ಕೊಡ್ತಿದ್ರಿ?"

ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾನು ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ, ಯಾವತ್ತೂ ಇಲ್ಲ ಅಂತ ಒಪ್ಪಿಕೊಂಡೆ.

ಜನವರಿಯಲ್ಲಿ ರಾಜ್ಯ ತಂಡದ ಆಯ್ಕೆಗೆ ಓಡಿದರೆ ಹರಿದದ್ದು ಮತ್ತೆ ಹರಿಯುತ್ತೆ, ಆಮೇಲೆ ಓಟದ ಆಸೆ ಬಿಡಬೇಕು ಅಂದರು. ಹಾಗಾಗಿ ನಿನ್ನ ಹೆಸರು ತೆಗೆದುಬಿಡಿ ಅಂತ ಆಯ್ಕೆ ಮಾಡುವವರಿಗೆ ಇವತ್ತೇ ಬರೆದು ಹಾಕಿದೆ. ಕೋಪ ಬಂದರೆ ಬರಲಿ. ಮುಂದೆ ಯಾವತ್ತು ಓಡಬೇಕು, ಯಾವತ್ತು ಮಲಗಬೇಕು ಅನ್ನುವುದು ನಿನ್ನದು. ಗಡಿಯಾರವನ್ನು ಈ ಪತ್ರದ ಜೊತೆ ದೊಡ್ಡಪ್ಪನ ಕೈಲಿ ಕಳಿಸಿದ್ದೇನೆ. ಅದು ಇನ್ನು ನನ್ನ ಕೈಲಿರುವುದು ಬೇಡ.

ದೊಡ್ಡಮ್ಮ ಹಾಕಿದಷ್ಟೂ ಮುದ್ದೆ ಉಣ್ಣು. ಕಾಲನ್ನು ದಿಂಬಿನ ಮೇಲಿಟ್ಟು ಮಲಗು. ಆ ಕಾಲು ನೂರು ವರ್ಷ ನಿನ್ನ ಮಾತು ಕೇಳಲಿ.

ನಿನ್ನ ಅಪ್ಪ,
ಚಿಕ್ಕವೆಂಕಟಪ್ಪ

ವಿ.ಸೂ.: ಮೊದಲ ದಿನ ಡಾಕ್ಟರ ಮುಂದೆ, ಕಲ್ಲು ಎಡವಿದಳು ಅಂದವನು ನಾನು. ನನ್ನ ಮುಖ ನೋಡಿ ಹೂಂ ಅಂದವಳು ನೀನು. ಶನಿವಾರ ಅದನ್ನೂ ತಿದ್ದಿದೆ. ಒಂದನ್ನು ಮಾತ್ರ ಅವರಿಗೂ ಹೇಳಲಾಗಲಿಲ್ಲ. ಇವತ್ತು ಸೋಮವಾರ, ಎತ್ತುಗಳನ್ನು ನೊಗಕ್ಕೆ ಹೂಡುವ ಹಾಗಿಲ್ಲ. ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿವೆ. ನೀನು ಕುಸಿದ ಆ ಸೋಮವಾರವೂ ಹೀಗೇ ಮಲಗಿದ್ದವು. ನೀನು ಮೀನಖಂಡ ಹಿಡಿದುಕೊಂಡು, "ಅಪ್ಪ, ಎತ್ತಿಗಿರೋ ಸೋಮವಾರ ನನಗಿಲ್ವಾ?" ಅಂದೆ. "ಎತ್ತಿಗಿಲ್ಲ ಗುಳಿಗೆ, ಅದಕ್ಕೆ ಬಿಡುವಿನ ಗಳಿಗೆ" ಅಂತ ಪ್ರಾಸ ಕಟ್ಟಿ ನಾನೊಬ್ಬನೇ ನಕ್ಕೆ. ನೀನು ನಾಲ್ಕೂ ಗುಳಿಗೆ ನುಂಗಿ ಓಡಿದೆ.