ಅಂಟಿನುಂಡಿಯ ಡಬ್ಬಿ

ಅವ್ವಾ,

ಇವತ್ತು ಪುಣೆಯ ಖಡಕಿಯ ನನ್ನ ಮನೆಗೆ ನಿನ್ನ ಮಗಳು ಬಂದಿದ್ದಳು. ನಾನಲ್ಲ, ಇನ್ನೊಬ್ಬಳು. ಜಾಂಬಿಯಾದಲ್ಲಿ ನೀನು ಕಟ್ಟಿಸಿದ ಹೆರಿಗೆ ಆಸ್ಪತ್ರೆಯಲ್ಲೇ ಹುಟ್ಟಿ ಬೆಳೆದ ಮುತಿಂತಾ. ಈಗ ಇಲ್ಲೇ ಪುಣೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಗೋಡೆಯ ಮೇಲೆ ಯೂನಿಫಾರ್ಮಿನಲ್ಲಿದ್ದ ನಿನ್ನ ಫೋಟೊ ಕಂಡದ್ದೇ ಅತ್ತುಬಿಟ್ಟಳು.

"ಅಕ್ಕಾ, ಅಂಟಿನುಂಡಿ ತೊಗೋರಿ. ಅವ್ವ ಕಲಿಸ್ಯಾಳ್ರಿ," ಎಂದು ನಿನ್ನದೇ ಧಾರವಾಡದ ಮಾತಿನಲ್ಲಿ ಡಬ್ಬಿ ಕೊಟ್ಟಳು. "ಹಡೆದಾಕಿ ಯಾರರ ಇರಲಿ, ಅವ್ವ ತಾನ ಉಂಡಿ ಕಟ್ಟಿ ತಿನ್ನಸ್ತಿದ್ಳರಿ."

ಯಾರರ ಇರಲಿ! ಸೈನ್ಯದ ನರ್ಸ್ ಆದ ನಮ್ಮ ಓಣಿಯ ಮೊದಲ ಹೆಣ್ಣೆಂದು ಮಂದಿ ಇಂದಿಗೂ ನಿನ್ನನ್ನು ಹೊಗಳುತ್ತಾರೆ. ನಿವೃತ್ತಿಯಾದ ಮೇಲಾದರೂ ಮನೆಗೆ ಬರುತ್ತೀ ಎಂದುಕೊಂಡಿದ್ದೆ. ನೀನು ಜಾಂಬಿಯಾಕ್ಕೆ ಹೋದೆ, ಅಲ್ಲೇ ಮಣ್ಣಾದೆ. ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ತವರಿನ ಬಾಗಿಲಿಗೆ ಬೀಗ. ಬಾಣಂತಿಗೆ ತವರಿನಿಂದ ಬರಬೇಕಾದ ಉಂಡಿಯನ್ನು ನನ್ನ ಗಂಡ ಅಂಗಡಿಯಿಂದ ತಂದರು. ಅತ್ತೆಯ ಮುಂದೆ ತಲೆ ಎತ್ತದೆ ತಿಂದೆ.

ಆ ಡಬ್ಬಿಯನ್ನು ಹೊರಗೆ ಎಸೆಯಬೇಕೆನಿಸಿತು. ಆದರೆ ನನ್ನ ಮಗಳು ರೇಣು ಈಗ ತುಂಬು ಬಸುರಿ, ಹೆರಿಗೆಗೆ ನನ್ನ ಹತ್ತಿರವೇ ಬಂದಿದ್ದಾಳೆ. ನನಗೋ ಉಂಡಿ ಕಟ್ಟಲು ಬರುವುದಿಲ್ಲ. ಯಾರು ಕಲಿಸಬೇಕಿತ್ತು ಅವ್ವಾ?

ಆ ಹುಡುಗಿಯನ್ನೇ ಅಡಿಗೆಮನೆಗೆ ಕರೆದು ಕೇಳಿದೆ: "ಅಂಟು ತುಪ್ಪದಾಗ ಹೆಂಗ ಹುರೀತಾರ, ತೋರಸವಾ."