ಡೇರೆಯೊಳಗೆ ಹಾಜರಿ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ಮಕ್ಕಳಿಗೆ ಮನೆಯೇ ಶಾಲೆ, ಅಪ್ಪನೇ ಮೇಷ್ಟ್ರು ಎಂದು ಆರು ವರ್ಷದಿಂದ ವಾರಪತ್ರಿಕೆಯಲ್ಲಿ ಊರಿಗೆಲ್ಲ ಉಪದೇಶ ಮಾಡುತ್ತಿರುವ ಮಹಾನುಭಾವ ನಾನೇ. ನಿಮ್ಮ ಶಾಲೆಯನ್ನು ಕೋಳಿಗೂಡು ಎಂದು ಕರೆದವನೂ ನಾನೇ. ಈಗ ಆ ಗೂಡಿನಲ್ಲಿ ನನ್ನ ಮಗಳಿಗೊಂದು ಜಾಗ ಬೇಕಾಗಿದೆ.

ಕಳೆದ ವಾರ ಕೆರೆಯ ಪಕ್ಕ ಡೇರೆ ಹಾಕಿದ್ದೆವು. ‘ಪ್ರಕೃತಿಯೇ ಪಾಠಶಾಲೆ’ ಎಂದು ನಾನು ಅಂಕಣ ಗೀಚುತ್ತಿದ್ದೆ. ಒಂಬತ್ತು ವರ್ಷದ ಮಗಳು ಒಳಗೆ ಕಲ್ಲುಗಳನ್ನು ಸಾಲಾಗಿ ಕೂರಿಸಿ ಹಾಜರಿ ಕರೆಯುತ್ತಿದ್ದಳು. ಒಂದೊಂದು ಕಲ್ಲಿಗೆ ಒಂದೊಂದು ದನಿಯಲ್ಲಿ “ಬಂದಿದೀನಿ ಮಿಸ್” ಎಂದು ಅವಳೇ ಉತ್ತರಿಸುತ್ತಿದ್ದಳು.

“ಏನೇ ಪುಟ್ಟಿ ಇದು?” ಅಂದೆ.

“ಅಪ್ಪಾ, ನೀನು ಒಳ್ಳೇ ಮೇಷ್ಟ್ರೇ. ಆದ್ರೆ ಕ್ಲಾಸಲ್ಲಿ ನಾನೊಬ್ಬಳೇ ಅಲ್ವಾ?”

ಇದಕ್ಕೇನು ಹೇಳಬೇಕೆಂದು ಆರು ವರ್ಷದಲ್ಲಿ ನಾನು ಒಂದು ಸಾಲೂ ಬರೆದಿಲ್ಲ, ನೋಡಿ.

ಪ್ರವೇಶದ ಗಡುವು ಮುಗಿದಿದೆ ಎಂದು ನಿಮ್ಮ ಗುಮಾಸ್ತರು ಹೇಳಿದರು. ಶಿಕ್ಷೆ ಕೊಡುವುದಿದ್ದರೆ ನನ್ನನ್ನು ಕರೆಸಿ, ಮಕ್ಕಳೆದುರು ಬೆಂಚಿನ ಮೇಲೆ ನಿಲ್ಲಿಸಿ, ನಿಲ್ಲುತ್ತೇನೆ. ಅವಳನ್ನು ಮಾತ್ರ ಸೇರಿಸಿಕೊಳ್ಳಿ. ಲೆಕ್ಕದಲ್ಲಿ ಹಿಂದಿದ್ದಾಳೆ, ತಪ್ಪು ಮೇಷ್ಟ್ರದು. ಪಕ್ಕದಲ್ಲಿ ತುಂಬಾ ಮಾತಾಡುವ ಮಗುವೊಂದನ್ನು ಕೂರಿಸಿ.

ಇಂತಿ,
ನಿಮ್ಮ ಗೇಟಿನ ಹೊರಗೆ ಕಾದು ನಿಂತಿರುವ
ಒಬ್ಬ ಅಪ್ಪ